ಪ್ರಶ್ನೋತ್ತರ: ಇಂಕ್ ಕೊಳ್ಳುವ ಮುನ್ನ ಹೆಡ್ ಎಲ್ಲಿದೆ ಎಂದು ನೋಡಿ

ಪ್ರಿಂಟರ್ ದುರಸ್ತಿ, ಮಂಡಿಪೇಟೆ: ಕಂಪನಿಯದಲ್ಲದ ಕಾರ್ಟ್ರಿಡ್ಜ್ ಹಾಕಬಹುದೇ ಎಂಬ ಪ್ರಶ್ನೆ ನಮ್ಮ ದಾವಣಗೆರೆ ಗುಂಪಿನಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತಿರುವುದರಿಂದ, ಇಂದು ಅಂಗಡಿಯ ಬಾಗಿಲು ಹಾಕಿದ ಮೇಲೆ ರಾತ್ರಿ ಒಂಬತ್ತರವರೆಗೆ ಉತ್ತರಿಸುತ್ತೇನೆ. ದಯವಿಟ್ಟು ಪೂರ್ತಿ ಮಾಡೆಲ್ ಸಂಖ್ಯೆ ಬರೆಯಿರಿ. ‘ಬಿಳಿ ಬಣ್ಣದ್ದು, ಮೇಲೆ ಸ್ಕ್ಯಾನರ್ ಇದೆ’ ಎಂದರೆ ನನಗೇನೂ ತಿಳಿಯುವುದಿಲ್ಲ.

ಶಿಕ್ಷಕಿ, ವಿದ್ಯಾನಗರ: ನಮಸ್ಕಾರ ಸರ್. ನಮ್ಮದು ಎಚ್‌ಪಿ ಡೆಸ್ಕ್‌ಜೆಟ್ 2332. ಅದಕ್ಕೆ ಹಾಕುವ 805 ಸಂಖ್ಯೆಯ ಕಾರ್ಟ್ರಿಡ್ಜ್ ಸಿಗುತ್ತಿಲ್ಲವೆಂದು ಅಂಗಡಿಯವರು 803 ಕೊಡುತ್ತೇವೆ, ಎರಡೂ ಒಂದೇ ಎನ್ನುತ್ತಿದ್ದಾರೆ. ತೆಗೆದುಕೊಳ್ಳಲೇ?

ದುರಸ್ತಿ, ಮಂಡಿಪೇಟೆ: ನಮಸ್ಕಾರ ಮೇಡಂ. ಒಂದೇ ಅಲ್ಲ, ತೆಗೆದುಕೊಳ್ಳಬೇಡಿ. ನಿಮ್ಮ ಪ್ರಿಂಟರ್ ಕಾರ್ಟ್ರಿಡ್ಜ್‌ನ ಬೆನ್ನಿನಲ್ಲಿರುವ ತಾಮ್ರದ ಪಟ್ಟಿಯಿಂದ ಅದರ ಗುರುತು ಓದಿಕೊಳ್ಳುತ್ತದೆ. ಸಂಖ್ಯೆ ಬೇರೆಯಾದರೆ ಒಪ್ಪುವುದಿಲ್ಲ. ಆದರೆ 805ನ್ನೇ ರೀಫಿಲ್ ಮಾಡಿಸಿ ಬಳಸಲು ಹೆದರಬೇಕಿಲ್ಲ, ಏಕೆಂದರೆ ಈ ಜಾತಿಯಲ್ಲಿ ಇಂಕ್ ಚಿಮ್ಮಿಸುವ ಹೆಡ್ ಕಾರ್ಟ್ರಿಡ್ಜ್‌ನ ತಳದಲ್ಲಿಯೇ ಇರುತ್ತದೆ. ಕೆಟ್ಟರೆ ಕಾರ್ಟ್ರಿಡ್ಜ್ ಎಸೆಯುತ್ತೀರಿ, ಯಂತ್ರ ಉಳಿಯುತ್ತದೆ. ರೀಫಿಲ್ ಆದ ಮೇಲೆಯೂ ಇಂಕ್ ಖಾಲಿ ಎಂದೇ ತೋರಿಸಬಹುದು, ಅದನ್ನು ಲೆಕ್ಕಿಸಬೇಡಿ. ಆದರೆ ಅಕ್ಷರ ಮಾಸುತ್ತಿದ್ದಂತೆಯೇ ನಿಲ್ಲಿಸಿ. ಇಂಕನ್ನು ಕಾಯಿಸಿ ಚಿಮ್ಮಿಸುವ ಒಳಗಿನ ಹೀಟರ್‌ಗಳನ್ನು ತಣ್ಣಗಿಡುವುದೂ ಅದೇ ಇಂಕ್ ಆದ್ದರಿಂದ ಒಣ ಓಡಿಸಿದರೆ ಸುಟ್ಟುಹೋಗುತ್ತವೆ.

ನಿವೃತ್ತ ಗುಮಾಸ್ತ, ವಿನೋಬನಗರ: ಕಂಪ್ಯಾಟಿಬಲ್ ಎಂಬುದು ಡುಪ್ಲಿಕೇಟ್‌ಗೆ ಇಟ್ಟ ಚೆಂದದ ಹೆಸರು, ಅಷ್ಟೇ.

ಜೆರಾಕ್ಸ್ ಅಂಗಡಿ, ಹರಿಹರ: ಹಾಗಲ್ಲ ಯಜಮಾನರೇ. ತನ್ನದೇ ಹೆಸರಿನಲ್ಲಿ ಮಾರುವುದು ಕಂಪ್ಯಾಟಿಬಲ್, ಕಂಪನಿಯ ಹೆಸರು ಅಂಟಿಸಿ ಮಾರುವುದು ಡುಪ್ಲಿಕೇಟ್.

ದುರಸ್ತಿ, ಮಂಡಿಪೇಟೆ: ಹರಿಹರದವರು ಹೇಳಿದ್ದು ಸರಿ.

ಸದಸ್ಯ, ಹೊಳಲ್ಕೆರೆ: ಕ್ಯಾನನ್ ಎಲ್‌ಬಿಪಿ 2900 ಲೇಸರ್ ಪ್ರಿಂಟರ್ ಇದೆ. ಹೊರಗಿನ ಟೋನರ್, ಅಂದರೆ ಪುಡಿ ಇಂಕ್, ನಡೆಯುತ್ತದೆಯೇ?

ದುರಸ್ತಿ, ಮಂಡಿಪೇಟೆ: ನಡೆಯುತ್ತದೆ. ನಿಮ್ಮ 303 ಕಾರ್ಟ್ರಿಡ್ಜ್, ಎಚ್‌ಪಿಯ 12ಎ ಎರಡೂ ಒಂದೇ ಅಚ್ಚಿನವು. ಯಾವುದಾದರೂ ಸರಿ.

ಸದಸ್ಯ, ಪಿ.ಜೆ. ಬಡಾವಣೆ: ಮಗ ದುಬೈನಿಂದ ತಂದ ಪ್ರಿಂಟರ್‌ಗೆ ಇಲ್ಲಿನ ಕಾರ್ಟ್ರಿಡ್ಜ್ ಹೊಂದುತ್ತದೆಯೇ?

ಪೋಷಕರು, ನಿಟುವಳ್ಳಿ: ಸರ್, ನಮ್ಮದು ಎಪ್ಸನ್ ಎಲ್ 360. ಕಪ್ಪು ಟ್ಯಾಂಕ್ ತಳ ಮುಟ್ಟಿತ್ತು. ಎಲ್ಲಾ ಪ್ರಿಂಟರ್‌ಗೂ ಆಗುತ್ತದೆ ಎಂದು ಒಂದು ಅಂಗಡಿಯಲ್ಲಿ ಕೊಟ್ಟ ಬಾಟಲಿಯಲ್ಲಿ ಅರ್ಧವನ್ನು ಸೋಮವಾರ ಸುರಿದೆ. ಎರಡು ದಿನ ಚೆನ್ನಾಗಿ ಬಂತು, ಆಮೇಲೆ ಅಕ್ಷರಗಳ ನಡುವೆ ಬಿಳಿ ಗೆರೆ. ಆರು ಸಲ ಹೆಡ್ ಕ್ಲೀನಿಂಗ್ ಕೊಟ್ಟೆ, ಈಗ ಕಪ್ಪು ಬರುತ್ತಲೇ ಇಲ್ಲ. ಬಣ್ಣಗಳು ಸರಿಯಾಗಿವೆ.

ದುರಸ್ತಿ, ಮಂಡಿಪೇಟೆ: ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ? ಉಳಿದವರು ಸ್ವಲ್ಪ ತಾಳಿ.

ಪೋಷಕರು, ನಿಟುವಳ್ಳಿ: ಪಿಗ್ಮೆಂಟ್ ಬ್ಲ್ಯಾಕ್ ಎಂದಿದೆ.

ದುರಸ್ತಿ, ಮಂಡಿಪೇಟೆ: ಅದೇ ಭಯವಿತ್ತು. ಇನ್ನು ಒಂದೇ ಒಂದು ಸಲವೂ ಕ್ಲೀನಿಂಗ್ ಒತ್ತಬೇಡಿ. ನಿಮ್ಮ ಯಂತ್ರಕ್ಕೆ ಕಂಪನಿ ಹೇಳಿರುವ 664 ಇಂಕ್ ನಾಲ್ಕು ಬಣ್ಣದಲ್ಲಿಯೂ ಡೈ ಇಂಕ್. ನೀರಿನಲ್ಲಿ ಸಕ್ಕರೆ ಕರಗಿದಂತೆ ಅದರಲ್ಲಿ ಬಣ್ಣ ಕರಗಿರುತ್ತದೆ. ಪಿಗ್ಮೆಂಟ್‌ನಲ್ಲಿ ಬಣ್ಣ ಕರಗಿರುವುದಿಲ್ಲ, ರಾಗಿ ಅಂಬಲಿಯಲ್ಲಿ ಹಿಟ್ಟು ತೇಲುವಂತೆ ಕಣಗಳಾಗಿ ತೇಲುತ್ತಿರುತ್ತದೆ. ಎರಡನ್ನೂ ಬೆರೆಸಿದಾಗ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಸಿ ಕಟ್ಟಬಹುದು, ಆ ಗಸಿ ಕೂದಲೆಳೆಗಿಂತ ಸಣ್ಣ ರಂಧ್ರಗಳಲ್ಲಿ ಕೂರುತ್ತದೆ. ಶಿಕ್ಷಕಿಯವರ ಪ್ರಿಂಟರ್‌ನಂತೆ ಹೆಡ್ ಕಾರ್ಟ್ರಿಡ್ಜ್‌ನಲ್ಲಿದ್ದಿದ್ದರೆ ಎಸೆಯಿರಿ ಎನ್ನುತ್ತಿದ್ದೆ. ನಿಮ್ಮದರಲ್ಲಿ ಹೆಡ್ ಯಂತ್ರಕ್ಕೇ ಸೇರಿದ್ದು; ಅದನ್ನು ಬದಲಿಸುವ ಖರ್ಚು ಕೇಳಿದವರಲ್ಲಿ ಹೊಸ ಪ್ರಿಂಟರ್ ನೋಡೋಣ ಎನ್ನುವವರೇ ಹೆಚ್ಚು. ಪ್ರತಿ ಕ್ಲೀನಿಂಗ್‌ನಲ್ಲಿಯೂ ಟ್ಯೂಬ್‌ನಲ್ಲಿರುವ ಅದೇ ಕಲಬೆರಕೆ ಇಂಕ್ ಹೆಡ್‌ಗೆ ಇಳಿಯುತ್ತದೆ, ಹೊರಬಿದ್ದದ್ದು ತಳದ ವೇಸ್ಟ್ ಪ್ಯಾಡ್ ಸೇರುತ್ತದೆ. ಆ ಪ್ಯಾಡ್‌ನ ಲೆಕ್ಕ ತುಂಬಿದ ದಿನ ಪ್ರಿಂಟರ್ ತಾನಾಗಿಯೇ ನಿಂತುಬಿಡುತ್ತದೆ. ಮೊದಲು ಕಪ್ಪು ಟ್ಯಾಂಕ್‌ನಲ್ಲಿರುವುದನ್ನು ಸಿರಿಂಜ್‌ನಿಂದ ಪೂರ್ತಿ ಹೀರಿ ಚೆಲ್ಲಬೇಕು, ಅನಂತರ ಟ್ಯೂಬ್‌ಗೂ ಹೆಡ್‌ಗೂ ನಡುವೆ ಇರುವ ಡ್ಯಾಂಪರ್ ಎಂಬ ಸಣ್ಣ ಡಬ್ಬಿ ಬಿಚ್ಚಿ ಟ್ಯೂಬ್ ಖಾಲಿ ಮಾಡಬೇಕು, ಆಮೇಲೆ ಹೆಡ್ ತೊಳೆಯಬೇಕು. ಡ್ಯಾಂಪರ್ ನೀವು ಮುಟ್ಟಬೇಡಿ. ಬಣ್ಣಗಳು ಬರುತ್ತಿರುವುದರಿಂದ ಹೆಡ್‌ನ ವಿದ್ಯುತ್ ಭಾಗ ಸುಸ್ಥಿತಿಯಲ್ಲಿದೆ ಎಂದುಕೊಂಡಿದ್ದೇನೆ, ಆದರೆ ಕಪ್ಪು ತೆರೆದುಕೊಳ್ಳುತ್ತದೆ ಎಂದು ಈಗಲೇ ಮಾತು ಕೊಡಲಾರೆ.

ಸದಸ್ಯ, ಜಗಳೂರು: ಫಾರ್ವರ್ಡ್ ಬಂದಿದ್ದು: ಹೆಡ್ ಕಟ್ಟಿಕೊಂಡರೆ ಕುದಿಯುವ ನೀರಿನಲ್ಲಿ ಅದ್ದಿ ಸ್ಯಾನಿಟೈಸರ್‌ನಿಂದ ಒರೆಸಬೇಕು. ನೀಲಿ ಇಂಕ್ ಮುಗಿದರೆ ಬಟ್ಟೆಗೆ ಹಾಕುವ ನೀಲಿಯನ್ನೇ ತುಂಬಬಹುದು. ಎಲ್ಲರಿಗೂ ಹಂಚಿ.

ದುರಸ್ತಿ, ಮಂಡಿಪೇಟೆ: ಹಂಚಬೇಡಿ. ಕುದಿಯುವ ನೀರಿಗೆ ಹೆಡ್‌ನ ಅಂಟು ಬಿಡುತ್ತದೆ, ಅನೇಕ ಸ್ಯಾನಿಟೈಸರ್‌ಗಳಲ್ಲಿರುವ ಲೋಳೆ ರಂಧ್ರಗಳನ್ನು ಇನ್ನಷ್ಟು ಮುಚ್ಚುತ್ತದೆ. ಬಟ್ಟೆಯ ನೀಲಿ ತುಂಬಿದ ಪ್ರಿಂಟರ್ ಒಂದು ಹಿಂದೆ ನನ್ನ ಮೇಜಿಗೆ ಬಂದಿತ್ತು, ಅದು ಗುಜರಿಗೆ ಹೋಯಿತು.

ಸದಸ್ಯ, ಜಗಳೂರು: ನಾನು ಬರೆದದ್ದಲ್ಲ, ಬಂದದ್ದನ್ನು ಹಾಕಿದೆ ಅಷ್ಟೇ.

ದುರಸ್ತಿ, ಮಂಡಿಪೇಟೆ: ಓದಿ ಹಾಕಿ.

ಸದಸ್ಯೆ, ಎಂ.ಸಿ.ಸಿ. ‘ಬಿ’ ಬ್ಲಾಕ್: ಮೊನ್ನೆಯವರೆಗೆ ನಡೆಯುತ್ತಿದ್ದ ಕಂಪ್ಯಾಟಿಬಲ್ ಕಾರ್ಟ್ರಿಡ್ಜ್ ಅನ್ನು ಪ್ರಿಂಟರ್ ಅಪ್‌ಡೇಟ್ ಆದ ಮೇಲೆ ಒಪ್ಪುತ್ತಿಲ್ಲ.

ದುರಸ್ತಿ, ಮಂಡಿಪೇಟೆ: ಕಾರ್ಟ್ರಿಡ್ಜ್‌ನ ಗುರುತು ಹೇಳುವ ಚಿಪ್‌ನ ಪರೀಕ್ಷೆ ಅಪ್‌ಡೇಟ್‌ನಲ್ಲಿ ಬಿಗಿಯಾಗಿರಬೇಕು. ಹೊಸ ಚಿಪ್ ಇರುವುದನ್ನು ಬದಲಿಸಿಕೊಡುವಂತೆ ಮಾರಿದವರನ್ನು ಕೇಳಿ. ತಾನಾಗಿಯೇ ಅಪ್‌ಡೇಟ್ ಆಗುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿಡಿ.

ಜೆರಾಕ್ಸ್ ಅಂಗಡಿ, ಹರಿಹರ: ನಾನು ಐದು ವರ್ಷದಿಂದ ಟ್ಯಾಂಕ್ ಪ್ರಿಂಟರ್‌ಗೆ ಹೊರಗಿನ ಇಂಕನ್ನೇ ಸುರಿಯುತ್ತಿದ್ದೇನೆ, ಒಂದು ದಿನವೂ ಕೈಕೊಟ್ಟಿಲ್ಲ. ಸುಮ್ಮನೆ ಜನರನ್ನು ಹೆದರಿಸಬಾರದು.

ನಿವೃತ್ತ ಗುಮಾಸ್ತ, ವಿನೋಬನಗರ: ನಿಮ್ಮ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಓಡುತ್ತದೆ, ಇಂಕ್ ಒಣಗಲು ಬಿಡುವೇ ಇಲ್ಲ. ಮನೆಯದು ಹದಿನೈದು ದಿನಕ್ಕೊಮ್ಮೆ ಎದ್ದರೆ ಹೆಚ್ಚು. ನಿಮ್ಮ ಲೆಕ್ಕವನ್ನು ನಮಗೆ ಹೇಳಬೇಡಿ.

ಜೆರಾಕ್ಸ್ ಅಂಗಡಿ, ಹರಿಹರ: ನೀವು ಪಿಂಚಣಿ ಎಣಿಸುವವರು, ಹಾಳೆಗೆ ಎಷ್ಟು ಬೀಳುತ್ತದೆ ಎಂಬುದು ನಿಮಗೇಕೆ ತಿಳಿಯಬೇಕು?

ನಿವೃತ್ತ ಗುಮಾಸ್ತ, ವಿನೋಬನಗರ: ಮೂವತ್ತೈದು ವರ್ಷ ಕಚೇರಿಯ ಸ್ಟೇಷನರಿ ರಿಜಿಸ್ಟರ್ ಬರೆದವನಿಗೆ ಇದನ್ನು ಕಲಿಸಬೇಡಿ.

ದುರಸ್ತಿ, ಮಂಡಿಪೇಟೆ: ಹೊರಗಿನ ಇಂಕ್ ಬೇಡವೆಂದು ನಾನು ಹೇಳಿಯೇ ಇಲ್ಲ. ಹರಿಹರದವರು ಸುರಿಯುತ್ತಿರುವುದು ಡೈ ಇಂಕ್, ಇದೇ ಮೇಜಿನಿಂದ ಕೊಂಡೊಯ್ದದ್ದು. ಓಡುವ ಯಂತ್ರದ ವಿಷಯದಲ್ಲಿ ಯಜಮಾನರ ಮಾತೂ ನಿಜ. ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಶಿಕ್ಷಕಿ, ವಿದ್ಯಾನಗರ: ಬೇಸಿಗೆ ರಜೆಯಲ್ಲಿ ಇಂಕ್ ಒಣಗದಂತೆ ಏನು ಮಾಡಬೇಕು ಸರ್?

ದುರಸ್ತಿ, ಮಂಡಿಪೇಟೆ: ವಾರಕ್ಕೊಂದು ಬಣ್ಣದ ಹಾಳೆ ತೆಗೆಯಿರಿ. ಗೋಡೆಯ ಸ್ವಿಚ್ ಆರಿಸಬೇಡಿ, ಪ್ರಿಂಟರ್‌ನ ಗುಂಡಿ ಒತ್ತಿಯೇ ನಿಲ್ಲಿಸಿ. ಆಗ ಹೆಡ್ ತಪ್ಪದೆ ಮೂಲೆಗೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ, ಬಂದ ಮೇಲೆ ಒಮ್ಮೆ ಆನ್ ಮಾಡಿ ಗುಂಡಿಯಿಂದಲೇ ಆರಿಸಿ.

ಸದಸ್ಯ, ಹಿರಿಯೂರು: 2332ಕ್ಕೆ 803 ಹಾಕಬಹುದಾ ಸರ್?

ದುರಸ್ತಿ, ಮಂಡಿಪೇಟೆ: ಮೇಲೆ ಓದಿ.

ಸದಸ್ಯ, ಪಿ.ಜೆ. ಬಡಾವಣೆ: ದುಬೈ ಪ್ರಿಂಟರ್ ಬಗ್ಗೆ ಆಗಲೇ ಕೇಳಿದ್ದೆ.

ಸದಸ್ಯ, ಚನ್ನಗಿರಿ: 803 ಮತ್ತು 805 ಒಂದೇ ತಾನೇ?

ದುರಸ್ತಿ, ಮಂಡಿಪೇಟೆ: ಅಲ್ಲ. ಗಂಟೆ ಒಂಬತ್ತಾಯಿತು. ನಿಟುವಳ್ಳಿಯವರೇ, ಯಂತ್ರವನ್ನು ನಾಳೆಯೇ ತನ್ನಿ. ಬೈಕಿನಲ್ಲಿ ಬೇಡ, ಆಟೋದಲ್ಲಿ ತೊಡೆಯ ಮೇಲೆ ಸಮನಾಗಿ ಇಟ್ಟುಕೊಳ್ಳಿ. ಓರೆಯಾದರೆ ಟ್ಯಾಂಕ್‌ನ ಇಂಕ್ ಸೋರಿ ಬಟ್ಟೆಯೂ ಹಾಳು, ಸೀಟೂ ಹಾಳು.

ಪೋಷಕರು, ನಿಟುವಳ್ಳಿ: ಎಷ್ಟು ಗಂಟೆಗೆ ಬರಲಿ ಸರ್?

ದುರಸ್ತಿ, ಮಂಡಿಪೇಟೆ: ಹತ್ತಕ್ಕೆ. ಆ ಬಾಟಲಿಯನ್ನೂ ತನ್ನಿ.