ಹಳಿ ಗುಂಟ ಗೋಡೆ: ನಮ್ಮ ಬಡಾವಣೆಯಿಂದ ಏನು ಕೇಳೂಣು?

ಅಡ್ಮಿನ್: ಎಲ್ಲಾರಿಗೂ ನಮಸ್ಕಾರ ರೀ. ರೈಲು ಹಳಿ ಗುಂಟ ಗೋಡೆ ಕಟ್ಟಕೋತ ಹೊಂಟಾರ. ಬಡಾವಣೆ ಹಿಂದಿನ ಕಾಲುದಾರಿ ಮುಚ್ಚೋದು ಖರೆ. ಸಾಲಿ, ಬಸ್‌ಸ್ಟಾಪು ಎರಡೂ ಆ ಕಡೆ ಅದಾವ. ಭಾನುವಾರ ಮನವಿ ಬರಿಯೋದದ. ಗೋಡೆನ ಬ್ಯಾಡ ಅನ್ನೂಣೊ, ಬ್ಯಾರೆ ದಾರಿ ಕೇಳೂಣೊ? ತಿಳಿದವರು ಬರೀರಿ.

2ನೇ ಕ್ರಾಸ್, ಹಳಿ ವಿಭಾಗದ ನಿವೃತ್ತರು: ಗೋಡೆ ಬ್ಯಾಡ ಅಂತ ಬರೀಬ್ಯಾಡ್ರಿ. 2023ರ ಜೂನ್ 27ಕ್ಕ ಬೆಂಗಳೂರು–ಧಾರವಾಡ ವಂದೇ ಭಾರತ್ ಸುರುವಾತು, 2024ರ ಸೆಪ್ಟೆಂಬರ್‌ದಾಗ ಹುಬ್ಬಳ್ಳಿ–ಪುಣೆ. ಇವಕ್ಕ ಬ್ಯಾರೆ ಹಳಿ ಇಲ್ಲ, ಗೂಡ್ಸು ಪ್ಯಾಸೆಂಜರ್ ಓಡೋ ಹಳಿ ಮ್ಯಾಲೇ ಓಡ್ತಾವ. ಗಾಡಿಗೆ ತಾಸಿಗೆ 160 ಕಿ.ಮೀ. ಓಡೋ ತಾಕತ್ತದ, ಆದ್ರ ಎಷ್ಟು ಓಡಸಬೇಕು ಅನ್ನೋದನ್ನ ತಿರುವು, ಪಾಯಿಂಟು (ಗಾಡಿ ಹಳಿ ಬದಲಿಸೋ ಜಾಗ), ಗೇಟು ಇವ ಠರಾಯಿಸ್ತಾವ. ಹುಬ್ಬಳ್ಳಿ–ಧಾರವಾಡದ 20 ಕಿ.ಮೀ.ದಾಗ 110ರಿಂದ 130ಕ್ಕ ಏರಿಸಿದ್ರೂ ಉಳಿಯೋದು ಎರಡು ನಿಮಿಷದೊಳಗ. ಹಳಿ ದಾಟೋರಿಗೆ ಮಾತ್ರ ಆ ಫರಕು ದೊಡ್ಡದು. ಜೋಡಿ ಹಳಿ ದಾಟಾಕ ಸುಮಾರು 10 ಮೀಟರ್. ಸೆಕೆಂಡಿಗೆ ಒಂದು ಮೀಟರ್ ನಡೆಯೋ ಹಿರಿಯರಿಗೆ 10 ಸೆಕೆಂಡ್ ಬೇಕು. ಅಷ್ಟರಾಗ 110ರ ಗಾಡಿ 305 ಮೀಟರ್ ಬರ್ತದ, 130ರದು 360. ತಿರುವಿನ ಕಡೆ ಅಷ್ಟು ದೂರ ಕಾಣಂಗಿಲ್ಲ.

ಇದಕ್ಕಿಂತ ಅಪಾಯದ್ದು ಎರಡನೇ ಹಳಿ. ಗೂಡ್ಸು ದಾಟಿದ ಕೂಡ್ಲೆ ಮಂದಿ ಹೆಜ್ಜೆ ಇಡ್ತಾರ. ಅದರ ಮರೀಗೆ ಎದುರಿನ ಗಾಡಿ ಕಾಣಂಗಿಲ್ಲ, ಸಪ್ಪಳದಾಗ ಹಾರ್ನೂ ಕೇಳಂಗಿಲ್ಲ. ಕಾಯ್ದೆನೂ ನಮ್ಮ ಕಡೆ ಇಲ್ಲ: 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅನುಮತಿ ಇಲ್ಲದ ಹಳಿ ಜಾಗಕ್ಕ ಹೋದ್ರ 6 ತಿಂಗಳತನಕ ಸಜಾ, ಇಲ್ಲಾ 1,000 ರೂಪಾಯಿತನಕ ದಂಡ, ಇಲ್ಲಾ ಎರಡೂ.

5ನೇ ಕ್ರಾಸ್: ಹಂಗಾರ ಫುಟ್ ಓವರ್ ಬ್ರಿಡ್ಜ್ ಕೇಳೂಣಲ್ರಿ ಸರ್, ಲಗೂ ಆಗ್ತದ.

4ನೇ ಕ್ರಾಸ್, ಸಿವಿಲ್ ಕೆಲಸದವರು: ಅಕ್ಕಾರ, ಲಗೂ ಆಗೋದು ಖರೆ. ಆದ್ರ 25 ಸಾವಿರ ವೋಲ್ಟಿನ ತಂತಿ ದಾಟಿ ಮ್ಯಾಲೆ ಹೋಗಬೇಕು, ಅಂದ್ರ 40ಕ್ಕಿಂತ ಹೆಚ್ಚು ಮೆಟ್ಟಿಲು ಏರೋದು, ಅಷ್ಟ ಇಳಿಯೋದು. ಮೊಣಕಾಲು ನೋವಿನವರು, ಸೈಕಲ್ ಹುಡುಗ್ರು ಏರಂಗಿಲ್ಲ. ಗೋಡೆಗೆ ಕಂಡಿ ಬೀಳ್ತದ, ಮತ್ತ ಅದ ಹಳಿ ಮ್ಯಾಲೆ ಮಂದಿ.

ಹಳಿ ಕೆಳಗಿನ ದಾರಿನ, ಅಂದ್ರ ಸಬ್‌ವೇನ ಕೇಳೂಣು, ಆದ್ರ ಕಾರು ಹೋಗೋವಂಥದು ಬ್ಯಾಡ. ಒಳಗ 3.6 ಮೀಟರ್ ಎತ್ತರ, ಮ್ಯಾಲೆ ಸ್ಲ್ಯಾಬು, ಖಡಿ, ಸ್ಲೀಪರ್ ಹಿಡಿದ್ರ ಹಳಿಯಿಂದ 5 ಮೀಟರ್ ಕೆಳಗ ಇಳೀಬೇಕು. 20ಕ್ಕ 1ರ (20 ಮೀಟರ್ ಹೋದ್ರ 1 ಮೀಟರ್ ಇಳಿಯೋ) ಇಳಿಜಾರಿಗೆ ಒಂದೊಂದು ಕಡೆ 100 ಮೀಟರ್ ರಸ್ತೆ ಕಡೀಬೇಕು. ನಮ್ಮಲ್ಲಿ ಅಷ್ಟು ಕಡದ್ರ ಮನಿ ಬಾಗಿಲ ಮುಂದ ತಗ್ಗು, ತಡೆಗೋಡೆ ಬರ್ತಾವ. ನಡೆಯೋರಿಗೆ, ಸೈಕಲ್ಲಿಗೆ, ಗಾಲಿಕುರ್ಚಿಗೆ 2.5 ಮೀಟರ್ ಎತ್ತರ ಸಾಕು. ಆಳ ಸುಮಾರು 4 ಮೀಟರ್, 12ಕ್ಕ 1ರಂಗ 48 ಮೀಟರ್ ಇಳಿಜಾರು, ನಡುನಡುವ ನಿಲ್ಲಾಕ ಸಪಾಟು ಜಾಗ.

7ನೇ ಕ್ರಾಸ್: ಮಳಿಗಾಲದಾಗ ಕೆರಿ ಆಗಂಗಿಲ್ಲೇನ್ರಿ?

4ನೇ ಕ್ರಾಸ್: ಈಗ ಕೇಳದಿದ್ರ ಆಗ್ತದ್ರಿ. 3 ಮೀಟರ್ ಅಗಲದ ಎರಡು ಇಳಿಜಾರು ಸೇರಿ 288 ಚದರ ಮೀಟರ್. ತಾಸಿಗೆ 50 ಮಿ.ಮೀ. ಮಳಿ ಬಿದ್ರ 14,400 ಲೀಟರ್, ಅಂದ್ರ ಸೆಕೆಂಡಿಗೆ 4 ಲೀಟರ್. ಇಷ್ಟನ್ನ ಸಣ್ಣ ಪಂಪು ಎಳೀತದ. ಮುಳುಗಿಸೋದು ಹೊರಗಿನ ರಸ್ತೆ ನೀರು. ಅದಕ್ಕ ಇಳಿಜಾರಿನ ತಲೀಗೆ ಉಬ್ಬು, ಅಡ್ಡ ಗಟಾರಕ್ಕ ಕಬ್ಬಿಣದ ಜಾಳಿಗಿ, ಮ್ಯಾಲೆ ಪತ್ರಾಸು ಬೇಕು. ಲೆವೆಲ್ ಸಿಕ್ರ ಪೈಪ್ ಹಾಕಿ ನಾಲಾಕ್ಕ ಬಿಡೋದು ಎಲ್ಲಕ್ಕಿಂತ ಚೊಲೊ. ಸಿಗದಿದ್ರ ಎರಡು ಪಂಪು, ಒಂದು ಜನರೇಟರ್: ಜೋರು ಮಳಿಯಾಗ ಕರೆಂಟು ಮೊದ್ಲ ಹೋಗ್ತದ. ನಮ್ಮದು ಎರಿ ಮಣ್ಣು, ನೀರು ಕುಡದು ಉಬ್ಬಿ ಗೋಡೆ ತಳ್ಳತದ. ಗೋಡೆ ಹಿಂದ ಖಡಿ ತುಂಬಿ ನೀರು ಹೋಗಾಕ ತೂತು ಬಿಡಬೇಕು.

2ನೇ ಕ್ರಾಸ್: ರೊಕ್ಕದ ಮಾತು ಈಗ ಹೇಳಿಬಿಡ್ತೀನಿ. ಹಳಿ ಸುರುವಾಗಿ 10 ವರ್ಷ ದಾಟಿದ ಮ್ಯಾಲೆ ಹೊಸ ದಾಟುದಾರಿ ಖರ್ಚು ರೈಲ್ವೆನ ಹಾಕಬೇಕಂತ ಒತ್ತಾಯಿಸಾಕ ಅದ ರೈಲ್ವೆ ಕಾಯ್ದೆಯ 16ನೇ ಕಲಂ ಬಿಡಂಗಿಲ್ಲ. 17ರ ಪ್ರಕಾರ ರಾಜ್ಯ ಸರ್ಕಾರ ಇಲ್ಲಾ ಸ್ಥಳೀಯ ಸಂಸ್ಥೆ ಖರ್ಚು ಕೊಟ್ಟು ಮಾಡಿಸಬಹುದು. ಡಿಆರ್‌ಎಂ (ರೈಲ್ವೆ ವಿಭಾಗದ ಮ್ಯಾನೇಜರ್) ಕಚೇರಿಗಷ್ಟ ಬರದ್ರ ಸಾಲಂಗಿಲ್ಲ. ಪಾಲಿಕೆ ಆಯುಕ್ತರಿಗೂ ಅದೇ ಮನವಿ ಕೊಟ್ಟು, ಇಬ್ಬರೂ ಕೂಡಿ ಜಾಗ ನೋಡಬೇಕಂತ ಕೇಳ್ರಿ. ಸಬ್‌ವೇ ತೆರೆಯೋತನಕ ಮಂದಿ ಹೆಂಗ ಓಡಾಡಬೇಕು, ಹತ್ತಿರದ ಗೇಟಿಗೆ ಹೋಗೋ ರಸ್ತೆಗೆ ದೀಪ ಯಾರು ಹಾಕ್ತಾರ, ಇದನ್ನೂ ಬರೀರಿ.

ಜಾಗ ಹೇಳೋವಾಗ "ಬಡಾವಣೆ ಹಿಂದ" ಅಂದ್ರ ಯಾರಿಗೂ ತಿಳಿಯಂಗಿಲ್ಲ. ವಿದ್ಯುತ್ ಕಂಬದ ಮ್ಯಾಲೆ ಕಿಲೋಮೀಟರ್ ಮತ್ತ ಕಂಬದ ನಂಬರು ಇರ್ತದ, ಅದನ್ನ ಹಾಕ್ರಿ. ಹೊರಗ ನಿಂತು ಫೋಟೊ ಝೂಮ್ ಮಾಡಿ ತಗೀರಿ, ಹಳಿ ಹತ್ತಿರ ಹೋಗಬ್ಯಾಡ್ರಿ.

ಅಡ್ಮಿನ್: ಆತ್ರಿ. 7 ದಿನ ಮುಂಜಾನೆ 6ರಿಂದ ರಾತ್ರಿ 10ರತನಕ ದಾಟೋರ ಎಣಿಕಿ ಮಾಡೂಣು: ಮಕ್ಕಳು, ಹಿರಿಯರು, ಸೈಕಲ್ಲು ಬ್ಯಾರೆ ಬ್ಯಾರೆ ಕಾಲಂ. ಒಂದೊಂದು ಕ್ರಾಸಿಗೆ ಎರಡು ತಾಸಿನ ಪಾಳಿ. 3, 6, 8ನೇ ಕ್ರಾಸಿನವರು ಇನ್ನೂ ಹೆಸರು ಕೊಟ್ಟಿಲ್ಲ, ಇವತ್ತ ರಾತ್ರಿಯೊಳಗ ಹಾಕ್ರಿ.