ರೆಕಾರ್ಡ್ ಪ್ಲೇಯರ್ ಕೆಳಗೆ ಬೀಟೆ ಹಲಗೆನಾ, ಕಡಪ ಕಲ್ಲಾ?

ಸುಂಟಿಕೊಪ್ಪದ ಕಾಫಿ:
ಅಜ್ಜನ ಕಾಲದ ಎಲ್‌ಪಿಗಳಿದ್ವು ಅಂತ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ ತಗೊಂಡೆ, ಬಾಡಿ ಎಂಡಿಎಫ್ (ಮರದ ನಾರು ಅಂಟು ಸೇರಿಸಿ ಒತ್ತಿದ ಹಲಗೆ). ಮನೆ ಹಳೇದು, ಮಹಡೀಲಿ ಮರದ ಹಲಗೆ ನೆಲ, ಯಾರಾದ್ರೂ ನಡೆದ್ರೆ ಸಾಕು ಸೂಜಿ ಎಗರುತ್ತೆ, ಸೌಂಡ್ ಏರಿಸಿದ್ರೆ ಗೂಂ ಅಂತ ಶುರುವಾಗಿ ಜಾಸ್ತಿ ಆಗ್ತಾನೇ ಹೋಗುತ್ತೆ. ಸಾಲದ್ದಕ್ಕೆ ಈ ಜುಲೈ ಮಳೆಗೆ ಎಂಡಿಎಫ್ ಅಂಚು ಬೇರೆ ಉಬ್ಬಿದೆ. ಹಳೇ ಬಾಗಿಲಿನ ಬೀಟೆ ಹಲಗೆ ಇದೆ, ಅದರಲ್ಲಿ ಪ್ಲಿಂತ್ (ಪ್ಲೇಯರ್ ಭಾಗಗಳು ಕೂರೋ ಬಾಡಿ ಹಲಗೆ) ಮಾಡಿಸ್ಲಾ? ಕಡಪ ಕಲ್ಲು ಒಳ್ಳೇದು ಅಂತಾರೆ ಕೆಲವ್ರು.

ಮಡಿಕೇರಿ ಮಂಜು:
ಮಾರಾಯ್ರೆ, ಬೀಟೆ ಕುಯ್ಯೋಕೆ ಮೊದ್ಲು ನಿಲ್ಲಿ. ಎಗರೋದು ನೆಲದ ತಪ್ಪು. ಪ್ಲೇಯರಿನ ಆರ್ಮ್ (ಉದ್ದ ಕೈ) ಮತ್ತೆ ಅದರ ತುದೀಲಿ ಸೂಜಿ ಇರೋ ಕಾರ್ಟ್ರಿಜ್ ಸೇರಿ ಸುಮಾರು 8ರಿಂದ 12 ಹರ್ಟ್ಸ್‌ನಲ್ಲಿ ಅಂದ್ರೆ ಸೆಕೆಂಡಿಗೆ ಅಷ್ಟು ಸಲ ಕುಣಿಯುತ್ತೆ, ಹಲಗೆ ನೆಲ ತುಳಿದಾಗ ಬರೋ ಅಲುಗಾಟನೂ ಅದರ ಆಸುಪಾಸಲ್ಲೇ ಇರುತ್ತೆ. ಗೋಡೆಗೆ ಬ್ರಾಕೆಟ್ ಹೊಡೆದು ಅದರ ಮೇಲಿಡಿ. ಆಮೇಲೆ ಮೋಟರ್ ಆಫ್ ಮಾಡಿ, ನಿಂತಿರೋ ರೆಕಾರ್ಡ್ ಮೇಲೆ ಸೂಜಿ ಇಳಿಸಿ, ವಾಲ್ಯೂಮ್ ಸ್ವಲ್ಪ ಕೊಟ್ಟು ಹಲಸಿನಹಣ್ಣು ತಟ್ಟಿ ನೋಡ್ತೀವಲ್ಲ ಹಾಗೆ ಪ್ಲಿಂತ್ ತಟ್ಟಿ. ದಪ್ ಅಂತ ಸತ್ರೆ ಸರಿ, ಢಣ್ಣ್ ಅಂತ ಎಳೆದ್ರೆ ಆವಾಗ ಮರದ ವಿಷ್ಯ ಮಾತಾಡೋಣ.

ಆಚಾರಿ ಕೆಲಸ:
ಮಂಜಣ್ಣ ಹೇಳಿದ್ದು ಸರಿ, ಆದ್ರೂ ಮೆಟೀರಿಯಲ್ ಲೆಕ್ಕಕ್ಕಿಲ್ಲ ಅಂತಲ್ಲ. ಕಲ್ಲು ಭಾರ ಇರುತ್ತೆ ನಿಜ, ಆದ್ರೆ ಒಂಟಿ ಚಪ್ಪಡಿ ತಟ್ಟಿದ್ರೆ ಗಂಟೆ ಥರ ಹೊಡೆಯುತ್ತೆ. ರೆಕಾರ್ಡ್ ಕೂರಿಸೋ ಅಲ್ಯೂಮಿನಿಯಂ ತಟ್ಟೆ, ಅಂದ್ರೆ ಪ್ಲಾಟರ್, ಅದೂ ಅಷ್ಟೇ, ಅದಕ್ಕೇ ಮೇಲೆ ರಬ್ಬರ್ ಮ್ಯಾಟ್. ಟೆಕ್ನಿಕ್ಸ್ 1200 ಎಂಕೆ2 ಅನ್ನೋ ಪ್ಲೇಯರ್ ನೋಡಿ, ಮೇಲೆ ಅಲ್ಯೂಮಿನಿಯಂ ಎರಕ, ಕೆಳಗೆ ದಪ್ಪ ರಬ್ಬರ್, ಎರಡು ಬೇರೆ ಬೇರೆ ಗುಣದ್ದು ಸೇರಿದ್ರೆ ಒಂದರ ಕಂಪನ ಇನ್ನೊಂದು ನುಂಗುತ್ತೆ. ನಮ್ಮೂರ ಮಳೆಗೆ ಇಡೀ ಬೀಟೆ ಹಲಗೆನೂ ಸೊಟ್ಟಗಾಗ್ಬೋದು. ಮರೈನ್ ಪ್ಲೈ ಮೂರು ಪದರ ಅಂಟಿಸಿ, ಸುತ್ತ ಬೀಟೆ ಪಟ್ಟಿ ಹೊಡೀರಿ, ಚೆಂದಾನೂ ಇರುತ್ತೆ. ಸ್ಪ್ರಿಂಗ್ ಕಾಲು ಮಾತ್ರ ಆ ಹಲಗೆ ನೆಲದ ಮೇಲೆ ಬೇಡ, ಕುಣಿಯೋ ನೆಲದ ಮೇಲೆ ಇನ್ನೊಂದು ಕುಣಿಯೋದು ಇಟ್ಟಂಗಾಗುತ್ತೆ.

ಸುಂಟಿಕೊಪ್ಪದ ಕಾಫಿ:
ನಿನ್ನೆ ಶೆಲ್ಫ್ ಹೊಡೆದ್ವಿ. ಅಜ್ಜಿ ಧಡಧಡ ಅಂತ ಪಕ್ಕದಲ್ಲೇ ಓಡಾಡಿದ್ರೂ ಸೂಜಿ ಅಲ್ಲಾಡಿಲ್ಲ! ತಟ್ಟಿದ್ರೆ ಢಣ್ಣ್ ಅಂತಾನೇ ಬರ್ತಿದೆ, ಸೋ ಪ್ಲೈ ಮಾಡಿಸ್ತೀನಿ. ಗೂಂ ಮುಕ್ಕಾಲು ಪಾಲು ಹೋಯ್ತು, ಇಷ್ಟು ದಿನ ಸ್ಪೀಕರ್ ಪ್ಲೇಯರ್ ಎರಡೂ ಒಂದೇ ಟೇಬಲ್ ಮೇಲಿತ್ತು, ಸ್ಪೀಕರ್ ನಡುಕ ಸೂಜಿಗೆ ಹೋಗ್ತಿತ್ತು, ಅದನ್ನ ಹೇಳೋಕೆ ಮರೆತಿದ್ದೆ, ಬೈಬೇಡಿ.

ಮಡಿಕೇರಿ ಮಂಜು:
ಅದನ್ನ ಮೊದ್ಲೇ ಹೇಳೋದಲ್ವಾ ಮಾರಾಯ್ರೆ 😄