ಪ್ರಸನ್ನನ ಪ್ರೊಫೈಲು, ಎಲ್ಲರ ಪ್ರಿಂಟರು

ಪ್ರಸನ್ನ: 📎 ಎಲ್805_ಗ್ಲಾಸಿ.ಐಸಿಸಿ
ನನ್ನ ಎಪ್ಸನ್ ಎಲ್805 ಪ್ರಿಂಟರಿಗೆ, ಪ್ರಿಂಟಿನ ಬಣ್ಣ ಸರಿ ಬರಲಿ ಅಂತ ನಾನೇ ಮಾಡಿದ ಕಲರ್ ಪ್ರೊಫೈಲ್ ಫೈಲು. ಮನೆಯಲ್ಲಿ ಫೋಟೋ ಪ್ರಿಂಟ್ ತೆಗೆಯುವವರು ಎಲ್ಲರೂ ಹಾಕಿಕೊಳ್ಳಿ. ರಿಯೂನಿಯನ್ ಫೋಟೋ ಇದರಲ್ಲೇ ತೆಗೆಯೋಣ.

ವಿನಾಯಕ: ಹಾಕಿದೆ ಮಾರಾಯ. ಗ್ರೂಪ್ ಫೋಟೋ ತೆಗೆದೆ. ಎಲ್ಲರ ಮುಖ ಕೆಂಪೋ ಕೆಂಪು. ಸುಮಾಳ ಬಿಳಿ ಸೀರೆ ಗುಲಾಬಿ ಆಗಿದೆ.

ಸುಮಾ: ಬಿಳಿ ಅಲ್ಲ ಕಣೋ, ಕೆನೆ ಬಣ್ಣದ ಮೈಸೂರು ಸಿಲ್ಕ್.

ಪ್ರಸನ್ನ: ನನಗೆ ಸರಿಯಾಗೇ ಬಂತಲ್ಲ! ಮಿಂಚುಳ್ಳಿ ಫೋಟೋ ಕೂಡ ಹಾಕಿದ್ದೆ ನೋಡು.

ಮಂಜು: ಇಷ್ಟೆಲ್ಲ ಯಾಕೆ? ನನ್ನ ಸ್ಟುಡಿಯೊಗೆ ಕಳಿಸಿ. ಎಸ್‌ಆರ್‌ಜಿಬಿ ಜೆಪೆಗ್, ಅಂದ್ರೆ ಮಾಮೂಲಿ ಫೋಟೋ ಫೈಲ್, ಸಾಕು. ಪ್ರೊಫೈಲು ಗಿಫೈಲು ಯಾವುದೂ ಬೇಡ, ಕಣ್ಣಲ್ಲೇ ನೋಡಿ ಸರಿ ಮಾಡಿ ಕೊಡ್ತೀನಿ.

ರಶ್ಮಿ: ಮಂಜು, ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಫೋಟೋ ಪ್ರಿಂಟ್ ಮಾಡುವ ನಿನ್ನ ಮಿನಿಲ್ಯಾಬ್ ಮೆಷಿನ್ ಟೆಸ್ಟ್ ಪ್ರಿಂಟ್ ಹೊಡೆದು ಅದನ್ನು ಅಳೆದುಕೊಳ್ಳುತ್ತಲ್ಲ, ಅದೇನು? ಅಳತೆ ನಡೆದೇ ಇದೆ. ಮೆಷಿನ್ ಮಾಡುತ್ತೆ, ಹೆಸರು ನಿನ್ನ ಕಣ್ಣಿಗೆ.

ಮಂಜು: 😄 ಬಂದಳಪ್ಪಾ ಪ್ರಿಂಟಿಂಗ್ ಪ್ರೆಸ್ಸಿನವಳು.

ರಶ್ಮಿ: ವಿನಾಯಕ, ನಿನ್ನ ಹತ್ತಿರ ಯಾವ ಪ್ರಿಂಟರ್? ಯಾವ ಪೇಪರ್? ಇಂಕ್ ಕಂಪನಿದಾ, ಹೊರಗಿಂದಾ?

ವಿನಾಯಕ: ಅದೇ ಎಲ್805. ಇಂಕ್ ಮಾತ್ರ ಹೊರಗಿಂದು. ಪೇಪರ್ ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕಿದ್ದು, ಗ್ಲಾಸಿ ಅಂತ ಬರೆದಿತ್ತು.

ರಶ್ಮಿ: ಅಲ್ಲಿಗೇ ಮುಗೀತು. ಪ್ರೊಫೈಲ್ ಅನ್ನೋದು ಫಿಲ್ಟರ್ ಅಲ್ಲ. "ಈ ಪ್ರಿಂಟರಿಗೆ ಇಂಥ ಸಂಖ್ಯೆ ಕೊಟ್ಟರೆ, ಈ ಪೇಪರ್ ಮೇಲೆ, ಈ ಇಂಕಿನಲ್ಲಿ ನಿಜವಾಗಿ ಬಂದ ಬಣ್ಣ ಇದು" ಅನ್ನೋ ಅಳತೆಯ ಪಟ್ಟಿ ಅಷ್ಟೇ. ಪ್ರಸನ್ನನ ಪಟ್ಟಿ ಪ್ರಸನ್ನನ ಇಂಕಿಗೆ. ಪೇಪರ್ ಬದಲಾದರೂ ಅದು ಸುಳ್ಳಾಗುತ್ತೆ. ಡ್ರೈವರಿನಲ್ಲಿ, ಅಂದ್ರೆ ಪ್ರಿಂಟರ್ ನಡೆಸುವ ಸಾಫ್ಟ್‌ವೇರಿನಲ್ಲಿ, ಪೇಪರ್ ಟೈಪ್ ಬೇರೆ ಆಯ್ಕೆ ಮಾಡಿದರೂ ಸುಳ್ಳೇ, ಯಾಕಂದ್ರೆ ಎಷ್ಟು ಇಂಕ್ ಬಿಡಬೇಕು ಅಂತ ಅದೇ ತೀರ್ಮಾನ ಮಾಡೋದು.

ಪ್ರಸನ್ನ: ಒಪ್ಪಿದೆ, ಸ್ವಲ್ಪ ವ್ಯತ್ಯಾಸ ಇರಬಹುದು. ಆದರೆ ಅಷ್ಟು ಕೆಂಪು ಬರಲ್ಲ. ಬೇರೆ ಏನೋ ಇದೆ.

ರಶ್ಮಿ: ಅದು ನಿಜ. ವಿನಾಯಕ, ಫೋಟೋಶಾಪಿನಲ್ಲಿ "ಫೋಟೋಶಾಪ್ ಮ್ಯಾನೇಜಸ್ ಕಲರ್ಸ್" ಇಟ್ಟು ಈ ಪ್ರೊಫೈಲ್ ಆರಿಸಿದೆ, ಸರಿ. ಎಪ್ಸನ್ ಡ್ರೈವರಿನಲ್ಲಿ "ನೋ ಕಲರ್ ಅಡ್ಜಸ್ಟ್‌ಮೆಂಟ್" ಮಾಡಿದ್ಯಾ?

ವಿನಾಯಕ: ಡ್ರೈವರ್ ಮುಟ್ಟಲೇ ಇಲ್ಲ.

ರಶ್ಮಿ: ಹಾಗಾದ್ರೆ ಎರಡು ಸಲ ತಿದ್ದಿದ ಹಾಗಾಯ್ತು. ಫೋಟೋಶಾಪ್ ಒಮ್ಮೆ ಬದಲಾಯಿಸಿತು, ಡ್ರೈವರ್ ಅದರ ಮೇಲೆ ಇನ್ನೊಮ್ಮೆ. ಚರ್ಮದ ಬಣ್ಣ ಕೆಂಪಗಾದರೆ ನಾನು ಮೊದಲು ಅನುಮಾನ ಪಡೋದು ಇದನ್ನೇ.

ವಿನಾಯಕ: ನನ್ನ ಪ್ರಿಂಟರಿಗೆ ನಾನೇ ಪ್ರೊಫೈಲ್ ಮಾಡಿಕೊಳ್ತೇನೆ ಬಿಡಿ. ಸ್ಕ್ರೀನ್ ಕ್ಯಾಲಿಬ್ರೇಟ್ ಮಾಡುವ ಯಂತ್ರ ಇದೆ ನನ್ನಲ್ಲಿ.

ಪ್ರಸನ್ನ: ಅದರಲ್ಲಿ ಆಗಲ್ಲ. ಅದು ಸ್ಕ್ರೀನಿನಿಂದ ಬರುವ ಬೆಳಕನ್ನು ಮಾತ್ರ ಓದುತ್ತೆ. ಪೇಪರ್ ತಾನಾಗಿ ಬೆಳಕು ಕೊಡಲ್ಲ. ಸ್ಪೆಕ್ಟ್ರೋಫೋಟೋಮೀಟರ್ ಬೇಕು. ಅದರೊಳಗೇ ದೀಪ ಇರುತ್ತೆ, ಪೇಪರಿಂದ ವಾಪಸ್ ಬಂದ ಬೆಳಕನ್ನು ಅಳೆಯುತ್ತೆ. ನಾನು ಆಫೀಸಿನ ಒಬ್ಬರ ಹತ್ತಿರ ಸಾಲ ತಂದಿದ್ದೆ. ಕೊಳ್ಳಲು ಹೋದರೆ ಪ್ರಿಂಟರಿಗಿಂತ ಜಾಸ್ತಿ ದುಡ್ಡು.

ಮಂಜು: ನೋಡಿದ್ರಾ! ಒಂದು ಗ್ರೂಪ್ ಫೋಟೋಗೆ ಇಷ್ಟು ಖರ್ಚು.

ಸುಮಾ: ಅಳೆಯೋಕೆ ಪ್ರಿಂಟ್ ಮಾಡೋ ಬಣ್ಣದ ಚೌಕಗಳ ಚಾರ್ಟ್ ಇರುತ್ತಲ್ಲ, ಮೊಬೈಲಿನಲ್ಲಿ ಅದರ ಫೋಟೋ ತೆಗೆದರೆ ಆಗಲ್ವಾ?

ರಶ್ಮಿ: ಮೊಬೈಲ್ ಪ್ರತಿ ಸಲ ವೈಟ್ ಬ್ಯಾಲೆನ್ಸ್, ಅಂದ್ರೆ ಬಿಳಿ ಯಾವುದು ಅನ್ನೋ ಲೆಕ್ಕ, ತಾನೇ ಬದಲಾಯಿಸುತ್ತೆ ಸುಮಾ. ಬದಲಾಗುವ ಅಳತೆಗೋಲು ಹಿಡಿದು ಏನು ಅಳೆಯೋದು?

ಸುಮಾ: ಹಾಗಾದ್ರೆ ಪ್ರಸನ್ನ ಮಾಡಿದ್ದು ಹೇಗೆ, ಅದನ್ನಾದರೂ ಹೇಳು.

ಪ್ರಸನ್ನ: ಆರ್ಗಿಲ್ ಸಿಎಂಎಸ್ ಅಂತ ಉಚಿತ ಸಾಫ್ಟ್‌ವೇರ್. ಟಾರ್ಜೆನ್ ಆಜ್ಞೆ ಕೊಟ್ಟರೆ ಯಾವ ಬಣ್ಣದ ಚೌಕ ಬೇಕು ಅಂತ ಲೆಕ್ಕ ಹಾಕುತ್ತೆ, ಪ್ರಿಂಟ್‌ಟಾರ್ಗ್ ಅದನ್ನು ಹಾಳೆಗೆ ಜೋಡಿಸುತ್ತೆ. ಎ4 ಹಾಳೆ ತುಂಬ ನೂರಾರು ಚೌಕ. ಅದನ್ನು ಯಾವ ಬಣ್ಣ ತಿದ್ದುಪಡಿಯೂ ಇಲ್ಲದೆ ಪ್ರಿಂಟ್ ಮಾಡಬೇಕು. ಫೋಟೋಶಾಪಿನಲ್ಲಿ ಆ ಆಯ್ಕೆಯನ್ನು ಸಿಎಸ್5 ಆವೃತ್ತಿಯಲ್ಲೇ ತೆಗೆದುಬಿಟ್ಟರು. ಹಾಗಾಗಿ ಅಡೋಬ್ ಕಲರ್ ಪ್ರಿಂಟರ್ ಯುಟಿಲಿಟಿ ಬಳಸಿದೆ. ಇಂಕ್ ಪೂರ್ತಿ ಒಣಗಲಿ ಅಂತ ಒಂದು ದಿನ ಬಿಟ್ಟೆ. ಆಮೇಲೆ ಚಾರ್ಟ್‌ರೀಡ್: ಯಂತ್ರವನ್ನು ಸ್ಕೇಲ್ ಪಕ್ಕದಲ್ಲಿ ಇಟ್ಟು ಒಂದೊಂದು ಸಾಲೂ ಎಳೆಯಬೇಕು. ಬೇಗ ಎಳೆದರೆ ಓದಲ್ಲ, ಮತ್ತೆ ಎಳಿ ಅನ್ನುತ್ತೆ. ಮಧ್ಯೆ ನಿಲ್ಲಿಸಿದರೂ ಅದೇ ರಗಳೆ. ಕೊನೆಗೆ ಕೋಲ್‌ಪ್ರೊಫ್ ಫೈಲು ಕಟ್ಟಿಕೊಡುತ್ತೆ.

ರಶ್ಮಿ: ಹಾಳೆಯ ಕೆಳಗೆ ಏನಿಟ್ಟಿದ್ದೆ?

ಪ್ರಸನ್ನ: ಅದೇ ಪೇಪರಿನ ಖಾಲಿ ಹಾಳೆಗಳು. ಟೇಬಲ್ ಬಣ್ಣ ಹಿಂದಿನಿಂದ ಹಾಯಬಾರದು ಅಂತ.

ರಶ್ಮಿ: ಶಾಬಾಸ್. ಇಷ್ಟು ಗೊತ್ತಿದ್ದೂ ಫೈಲನ್ನು ಪ್ರಸಾದದ ಥರ ಹಂಚಿದೆಯಲ್ಲೋ! ಇನ್ನೊಂದು ಕೇಳ್ತೀನಿ. ನಿನ್ನ ಪೇಪರ್ ತುಂಬ ಬಿಳಿ ಕಾಣುತ್ತಾ?

ಪ್ರಸನ್ನ: ಹೌದು, ಹೊಳೆಯುವ ಬಿಳಿ.

ರಶ್ಮಿ: ಅದರಲ್ಲಿ ಬ್ರೈಟ್ನರ್ ಇರುತ್ತೆ. ಅತಿನೇರಳೆ ಬೆಳಕು ಬಿದ್ದರೆ ನೀಲಿಯಾಗಿ ಹೊಳೆಯುತ್ತೆ. ಯಂತ್ರದ ದೀಪದಲ್ಲಿ ಅತಿನೇರಳೆ ಇದ್ದರೆ ಪೇಪರೇ ನೀಲಿ ಅಂತ ಓದಿ, ಪ್ರೊಫೈಲ್ ಸುಮ್ನೆ ಹಳದಿ ಸೇರಿಸುತ್ತೆ. ಅದಕ್ಕೇ ಎಂ0, ಎಂ1, ಎಂ2 ಅಂತ ಅಳತೆಯ ಬಗೆಗಳು. ಎಂ2 ಅತಿನೇರಳೆಯನ್ನು ತಡೆದು ಓದುತ್ತೆ. ಬೂದು ಬಣ್ಣ ಎಲ್ಲಾದರೂ ಹಳದಿಗೆ ತಿರುಗಿದರೆ ಅಲ್ಲಿ ನೋಡು.

ಮಂಜು: ರಶ್ಮಿ, ಒಂದೇ ಮಾತು. ಪ್ರಿಂಟ್ ಕೊನೆಗೆ ಹೋಗೋದು ಹಾಲ್ ಗೋಡೆಗೆ. ಅಲ್ಲಿ ಹಳದಿ ಎಲ್‌ಇಡಿ ಬಲ್ಬ್. ನಿನ್ನ ಅಳತೆ ಅಲ್ಲಿ ಏನು ಮಾಡುತ್ತೆ?

ರಶ್ಮಿ: ಇದು ಒಳ್ಳೆ ಪ್ರಶ್ನೆ. ಪ್ರೊಫೈಲು ಲೆಕ್ಕ ಹಾಕೋದು ಡಿ50 ಬೆಳಕಿಗೆ, ಅಂದರೆ ಸುಮಾರು 5000 ಕೆಲ್ವಿನ್. ಹಳದಿ ಬಲ್ಬ್ 2700ರ ಆಸುಪಾಸು. ಬಣ್ಣ ಬೇರೆಯೇ ಕಾಣುತ್ತೆ. ಆದರೂ ನಾಳೆ ಹತ್ತು ಪ್ರಿಂಟ್ ತೆಗೆದರೆ ಹತ್ತೂ ಒಂದೇ ಥರ ಇರುತ್ತೆ. ನಿನ್ನ ಕಣ್ಣು ಬೆಳಿಗ್ಗೆ ಒಂದು ಥರ, ರಾತ್ರಿ ಮದುವೆ ಆಲ್ಬಮ್ ಮುಗಿಸಿ ಕೂತಾಗ ಇನ್ನೊಂದು ಥರ.

ಮಂಜು: ಅದು ಸರಿ ಬಿಡು. ಆದ್ರೆ ಮಿಂಚುಳ್ಳಿ ನೀಲಿ ಪ್ರಿಂಟಿನಲ್ಲಿ ಪೂರ್ತಿ ಬಂತು ಅಂತ ಹೇಳಬೇಡಿ. ನಾನು ನಂಬಲ್ಲ.

ಪ್ರಸನ್ನ: ಪೂರ್ತಿ ಬಂದಿಲ್ಲ. ಇಂಕಿಗೆ ಆಗದ ಬಣ್ಣ ಯಾವ ಪ್ರೊಫೈಲಿನಲ್ಲೂ ಬರಲ್ಲ. ಅಂಥ ಬಣ್ಣವನ್ನು ಹೇಗೆ ಹೊಂದಿಸಬೇಕು ಅಂತ ಪ್ರಿಂಟ್ ಮಾಡುವಾಗ ಆರಿಸಬಹುದು. ರೆಲೆಟಿವ್ ಇಟ್ಟಾಗ ರೆಕ್ಕೆಯ ಗರಿಗೆರೆ ಎಲ್ಲ ಒಂದೇ ನೀಲಿಯಾಗಿ ಕಲಸಿಹೋಯಿತು. ಪರ್ಸೆಪ್ಚುವಲ್ ಹಾಕಿದೆ. ನೀಲಿ ಸ್ವಲ್ಪ ಮಂಕಾಯ್ತು, ಗೆರೆ ಉಳಿಯಿತು.

ಮಂಜು: ಈಗ ಸತ್ಯ ಹೊರಗೆ ಬಂತು.

ವಿನಾಯಕ: ಡ್ರೈವರಿನಲ್ಲಿ ಕಲರ್ ಆಫ್ ಮಾಡಿ ಮತ್ತೆ ತೆಗೆದೆ. ಮುಖ ಈಗ ಮನುಷ್ಯರದ್ದು. ಸೀರೆ ಮಾತ್ರ ಸ್ವಲ್ಪ ಹಸಿರು.

ರಶ್ಮಿ: ಅದು ನಿನ್ನ ಇಂಕು. ಒಂದು ಕೆಲಸ ಮಾಡೋಣ. ನಾನು ಚಾರ್ಟ್ ಫೈಲ್ ಕಳಿಸ್ತೀನಿ. ನಿನ್ನ ಪೇಪರ್ ಮೇಲೆ ತೆಗೆದು, ಒಂದು ದಿನ ಒಣಗಿಸಿ ಕೊರಿಯರ್ ಮಾಡು. ನಮ್ಮ ಪ್ರೆಸ್ಸಿನ ಯಂತ್ರದಲ್ಲಿ ಓದಿ ಪ್ರೊಫೈಲ್ ಕಟ್ಟಿಕೊಡ್ತೀನಿ. ಮಡಿಸಬೇಡ, ಎರಡು ರಟ್ಟಿನ ನಡುವೆ ಇಡು. ಪೇಪರ್ ಟೈಪ್, ಕ್ವಾಲಿಟಿ ಏನಿಟ್ಟೆ ಅಂತ ಹಿಂದೆ ಬರೆದಿಡು. ಆಮೇಲೆ ಇಂಕ್ ಬದಲಾಯಿಸಿದರೆ ನನ್ನನ್ನು ಬೈಯಬೇಡ.

ಮಂಜು: ನನ್ನ ಸ್ಟುಡಿಯೊದ ಇಂಕ್‌ಜೆಟ್ಟಿಗೂ ಒಂದು ಚಾರ್ಟ್ ಕಳಿಸು. ಸುಮ್ನೆ ನೋಡೋಣ ಅಂತ.

ಸುಮಾ: 😂😂